ಹಿಂಮುಚ್ಚಳದಲ್ಲಿ ಕಂಡುಬಂದ ಅನ್ಯ ಬರಹ

ಬಿಷ್ಕೆಕ್ ನಗರದ ಭಾನುವಾರದ ಹಳೆಸಾಮಾನಿನ ಸಂತೆಯಲ್ಲಿ ಮಾರಾಟವಾಗುವ ಯಾವುದೇ ಕೈಗಡಿಯಾರವು ಅಸಲಿತನ ಹಾಗೂ ಸುಸ್ಥಿತಿ ನಿರ್ಣಯ ಕಚೇರಿಯ ಪ್ರಮಾಣಪತ್ರವಿಲ್ಲದೆ ಸಂತೆಯ ಗೇಟು ದಾಟತಕ್ಕದ್ದಲ್ಲ. ಮೂರು ಬಾರಿ ಅನುತ್ತೀರ್ಣವಾದ ಗಡಿಯಾರವನ್ನು ನಕಲಿ ಎಂದು ಘೋಷಿಸಿ ಸುತ್ತಿಗೆಯಿಂದ ವಿಲೇವಾರಿ ಮಾಡತಕ್ಕದ್ದು. ಸದರಿ ಕಚೇರಿಯ ಎರಡನೇ ಪರೀಕ್ಷಕ ನಾನು. ಸುತ್ತಿಗೆ ನನ್ನ ಸುಪರ್ದಿನಲ್ಲಿದೆ.

ಅಸಲಿ ಯಾವುದೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಆರಂಭದಲ್ಲೇ ಎದ್ದಿತ್ತು. ಮೂಲ ನಕ್ಷೆ ಕಳಿಸಿಕೊಡಿ ಎಂದು ಸೋವಿಯತ್ ಕಾಲದ ಕಾರ್ಖಾನೆಯೊಂದಕ್ಕೆ ಮೂರು ಪತ್ರ ಬರೆದೆವು. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗಿರುವುದರಿಂದ ಉತ್ತರ ಸ್ವಲ್ಪ ತಡವಾಗುತ್ತಿದೆ. ಅಷ್ಟರಲ್ಲಿ ಕಚೇರಿಯ ಉದ್ಘಾಟನೆಯ ಔತಣ ಬಂತು. ನಮ್ಮ ಔತಣಗಳಲ್ಲಿ ಕುಳಿತವರೆಲ್ಲ ಸರದಿಯಂತೆ ಎದ್ದು, ಲೋಟ ಎತ್ತಿ, ಹಿರಿಯರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಲೇಬೇಕು. ಹನ್ನೊಂದನೆಯವನ ಸರದಿ ಬರುವ ಹೊತ್ತಿಗೆ ನಮ್ಮ ನಿರ್ದೇಶಕ ಎಸೆನ್‌ಗುಲ್ ಬಾಯ್ಕೆಯವರ (ಬಾಯ್ಕೆ ಎಂದರೆ ಗೌರವದ ಅಣ್ಣ) ಆರೋಗ್ಯ, ವಂಶ, ಕುದುರೆ, ಟೋಪಿ ಎಲ್ಲವನ್ನೂ ಹೊಗಳಿ ಮುಗಿದಿತ್ತು. ಉಳಿದಿದ್ದು ಅವರ ಕೈಗಡಿಯಾರ ಮಾತ್ರ. "ಇದಕ್ಕಿಂತ ಅಸಲಿ ಗಡಿಯಾರ ಭೂಮಿ ಮೇಲಿಲ್ಲ" ಎಂದು ಅವನು ಲೋಟ ಎತ್ತಿದ. ಎಲ್ಲರೂ ಎದ್ದು ನಿಂತು ಕುಡಿದರು. ನಡಾವಳಿ ಬರೆಯುತ್ತಿದ್ದ ನಾನು ಅದನ್ನೂ ಬರೆದುಕೊಂಡೆ. ಎಲ್ಲರೂ ಎದ್ದು ನಿಂತಿದ್ದರಿಂದ ಅದು ಸರ್ವಾನುಮತದ ಠರಾವಾಯಿತು. ಈಗ ಅದೇ ನಿಯಮ ನಾಲ್ಕು.

ಬಾಯ್ಕೆಯವರ ಗಡಿಯಾರ ಅವರ ಅಳಿಯ ಮಿರ್ಲಾನ್ ಹುಟ್ಟುಹಬ್ಬಕ್ಕೆ ಕೊಟ್ಟಿದ್ದು. ನಾಲ್ಕು ಸತ್ತ ಗಡಿಯಾರಗಳನ್ನು ಸೇರಿಸಿ ಅವನು ಅದನ್ನು ಬದುಕಿಸಿದ್ದ. ನೀಲಿ ಬಣ್ಣ ಬಳಿದ ಮುಖ, ಕೆಂಪು ಸೆಕೆಂಡ್ ಮುಳ್ಳು, ಹೆಂಗಸರ ಗಡಿಯಾರದಿಂದ ಕಿತ್ತ ಕೀಲಿ. ಬೆಳಿಗ್ಗೆ ಸರಿಮಾಡಿಟ್ಟರೆ ಸಂಜೆಯೊಳಗೆ ನಲವತ್ತು ನಿಮಿಷ ಹಿಂದೆ ಬೀಳುತ್ತದೆ. ನಿಯಮ ನಾಲ್ಕು ಜಾರಿಗೆ ಬಂದ ತಿಂಗಳೇ ಮಿರ್ಲಾನ್ ನಮ್ಮ ಕಚೇರಿಯ ಕೆಳಗಡೆ ‘ಅಂಗೀಕೃತ ಅಸಲಿ ಬಿಡಿಭಾಗಗಳ ಮಳಿಗೆ’ ತೆರೆದ. ಅಲ್ಲಿ ಮಂಗಳವಾರ ತಯಾರಾದ ಬಿಡಿಭಾಗ ಚಹಾದ ನೀರಿನಲ್ಲಿ ನೆನೆದು ಗುರುವಾರದೊಳಗೆ ಪುರಾತನವಾಗುತ್ತದೆ.

ಹೀಗೆ ಎಲ್ಲವೂ ಸುಗಮವಾಗಿ ನಡೆಯುತ್ತಿರುವಾಗ ಜುಮಾಶ್ ಎಂಬ ಮುದುಕ ಬಂದ. ಮೂವತ್ತೊಂದು ವರ್ಷ ಟ್ರಾಲಿಬಸ್ ಓಡಿಸಿ ನಿವೃತ್ತನಾದವನು. ಜೊತೆಗೆ ಸಂತೆಯಲ್ಲಿ ಗಡಿಯಾರ ರಿಪೇರಿ ಮಾಡುವ ತುರ್ಗಾನ್. ಮಾರುವವನು ತುರ್ಗಾನ್, ಕೊಳ್ಳುವವನು ಜುಮಾಶ್. ಸಾವಿರದ ಎಂಟುನೂರು ಸೋಮ್‌ಗೆ ಮಾತಾಗಿತ್ತು. ಕರವಸ್ತ್ರ ಬಿಚ್ಚಿ ಗಡಿಯಾರವನ್ನು ಮೇಜಿನ ಮೇಲಿಟ್ಟರು.

"ಮುಖ ನೋಡಿ ಬಾಯ್ಕೆ, ಎಲ್ಲಾ ಕಡೆ ಒಂದೇ ಸಮ ಹಳದಿಯಾಗಿದೆ," ಎಂದ ತುರ್ಗಾನ್. "ಬಣ್ಣ ಬಳಿದಿದ್ರೆ ಅಂಕಿ ಅಂಚಲ್ಲೇ ಸಿಕ್ಕಿಬೀಳ್ತಿತ್ತು. ಮುಳ್ಳಿನ ಮೇಲೆ ಕತ್ತಲಲ್ಲಿ ಹೊಳೆಯೋ ಬಣ್ಣ, ಅಂಕಿ ಪಕ್ಕದ ಚುಕ್ಕಿ, ಎರಡೂ ಒಟ್ಟಿಗೇ ಮುದಿಯಾಗಿವೆ. ಒಳಗಡೆ ಸ್ಕ್ರೂ ತಲೆ ಒಂದೂ ಕೆಟ್ಟಿಲ್ಲ. ಹೊರಗಿನ ಅಂಚು ಇನ್ನೂ ಚೂಪಾಗಿದೆ, ಯಾರೂ ಉಜ್ಜಿಲ್ಲ. ಗೀರು ಇದೆ, ಇರ್ಲೇಬೇಕು. ಬಸ್ ಓಡಿಸಿದ ಕೈಯಲ್ವಾ."

"ಅದೆಲ್ಲಾ ಸರಿ ತುರ್ಗಾನ್. ಸೆಕೆಂಡ್ ಮುಳ್ಳು ಯಾಕೆ ಕೆಂಪಗಿಲ್ಲ?"

"ಈ ಜಾತಿ ಗಡಿಯಾರಕ್ಕೆ ಕೆಂಪು ಮುಳ್ಳು ಬರ್ತಿರ್ಲಿಲ್ಲ ಬಾಯ್ಕೆ."

ಬಾಯ್ಕೆ ಅಂಗಿಯ ತೋಳು ಮೇಲೆತ್ತಿ ಕೈ ಮುಂದಿಟ್ಟರು. ತುರ್ಗಾನ್ ಆ ಗಡಿಯಾರ ನೋಡಿದ, ನನ್ನನ್ನು ನೋಡಿದ, ಸುತ್ತಿಗೆ ನೋಡಿದ.

"ಬರ್ತಿತ್ತೇನೋ, ನನಗೂ ವಯಸ್ಸಾಯ್ತು," ಎಂದ.

ಆಗ ಜುಮಾಶ್ ಹಿಂಮುಚ್ಚಳ ಬಿಚ್ಚಿ ಒಳಬದಿಯನ್ನು ನಮ್ಮ ಕಡೆ ತಿರುಗಿಸಿದ. ಸೂಜಿಯಿಂದ ಗೀರಿದ ಸೊಟ್ಟ ಅಕ್ಷರಗಳಿದ್ದವು: ‘ಜಿಪಾರಳಿಂದ. ಊಟದ ಹೊತ್ತಿಗೆ ಮನೆಗೆ ಬಾ.’

"ಮದುವೆಯಾದ ವರ್ಷ ನಮ್ಮನೆಯವ್ಳು ಕೊಟ್ಟಿದ್ದು. ತೊಂಬತ್ಮೂರರಲ್ಲಿ ಮನೇಲಿ ಹಿಟ್ಟಿರ್ಲಿಲ್ಲ, ಇದೇ ಸಂತೇಲಿ ಅರ್ಧ ಮೂಟೆ ಹಿಟ್ಟಿಗೆ ಕೊಟ್ಬಿಟ್ಟೆ. ಬಸ್ಸಲ್ಲಿ ಕಳೆದೋಯ್ತು ಅಂತ ಸುಳ್ಳು ಹೇಳ್ದೆ. ಅವಳು ಮೂರು ದಿನ ಡಿಪೋಗೆ ಬಂದು ಸೀಟಿನ ಕೆಳಗೆಲ್ಲಾ ತೆವಳ್ಕೊಂಡು ಹುಡುಕಿದ್ಲು." ಅವನು ಮುಚ್ಚಳವನ್ನು ಹೆಬ್ಬೆರಳಿನಿಂದ ಒರೆಸಿದ. "ಶನಿವಾರ ನಮ್ಮ ಮದುವೆಗೆ ಐವತ್ತು ವರ್ಷ. ಇದನ್ನ ಅವಳ ಕೈಗಿಟ್ಟು ನಿಜ ಹೇಳ್ಬೇಕು. ಮುಂದಿನ ವರ್ಷಕ್ಕೆ ಇಬ್ಬರಲ್ಲಿ ಯಾರು ಇರ್ತೀವೋ ಗೊತ್ತಿಲ್ಲ."

ಬಾಯ್ಕೆಯವರಿಗೆ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ನನಗೆ ಬರೆಸಿದರು: ಮುಖ ಮಾದರಿಗೆ ಹೊಂದುವುದಿಲ್ಲ; ಮುಳ್ಳು ಹೊಂದುವುದಿಲ್ಲ; ಕೀಲಿ ಹೊಂದುವುದಿಲ್ಲ; ಅಸಲಿತನದಲ್ಲಿ ಅನುತ್ತೀರ್ಣ.

ಜುಮಾಶ್ ಕೆಳಗಿಳಿದು ಮಿರ್ಲಾನನ ಮಳಿಗೆಗೆ ಹೋದ. ಬುಧವಾರ ಗಡಿಯಾರ ನೀಲಿ ಮುಖ, ಕೆಂಪು ಮುಳ್ಳು, ಹೆಂಗಸರ ಗಡಿಯಾರದ ಕೀಲಿಯೊಂದಿಗೆ ಹಿಂದಿರುಗಿತು. ಅದಕ್ಕೆ ತೆತ್ತದ್ದು ಗಡಿಯಾರದ ಬೆಲೆಯ ಎರಡರಷ್ಟು. ಅಸಲಿತನ ತೃಪ್ತಿಕರವಾಗಿತ್ತು. ಆದರೆ ಹೊಸ ಮುಖದ ಪಕ್ಕದಲ್ಲಿ ಹೊರಗಿನ ಗೀರುಗಳು ಎದ್ದು ಕಂಡು ಸುಸ್ಥಿತಿಯಲ್ಲಿ ಅನುತ್ತೀರ್ಣವಾಯಿತು. ಮತ್ತೆ ಕೆಳಗೆ ಹೋಗಿ ಉಜ್ಜಿಸಿಕೊಂಡು ಬಂದ. ಚೂಪಾಗಿದ್ದ ಅಂಚುಗಳು ತಿಕ್ಕಿ ಸವೆದ ಸೋಪಿನಂತೆ ಕರಗಿದ್ದವು. ಇನ್ನು ಉಳಿದಿದ್ದು ಒಂದೇ ಅವಕಾಶ, ಹಾಗೂ ಹಿಂಮುಚ್ಚಳ.

"ಅಕ್ಸಕಾಲ್, ಇದರೊಳಗೆ ಅನ್ಯ ಬರಹ ಇದೆ," ಎಂದರು ಬಾಯ್ಕೆ. ಬಿಳಿಗಡ್ಡದವರಿಗೆ ಇಲ್ಲವೆನ್ನುವಾಗ ನಾವು ಹೀಗೆ ಮರ್ಯಾದೆಯಿಂದಲೇ ಕರೆಯುತ್ತೇವೆ.

"ಅದು ಅನ್ಯ ಅಲ್ಲ ನಿರ್ದೇಶಕರೇ, ನನ್ನ ಹೆಂಡ್ತೀದು."

"ಕಾರ್ಖಾನೆಯಲ್ಲಿ ಜಿಪಾರ್ ಅಂತ ಬರೆದು ಕಳಿಸ್ತಿದ್ರಾ?"

"ಇಲ್ಲ."

"ಮತ್ತೆ ಅದು ಹೇಗೆ ಅಸಲಿ ಆಗತ್ತೆ, ನೀವೇ ಹೇಳಿ."

ಟ್ರಾಲಿಬಸ್ಸಿನಲ್ಲಿ ಯಾರೂ ಜುಮಾಶನಿಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. "ಮಿಕ್ಕಿದ್ದೆಲ್ಲಾ ಬದಲಾಯ್ಸಿದ್ದೀರಿ," ಎಂದ. "ಮುಚ್ಚಳ ಒಂದು ಬಿಟ್ಬಿಡಿ. ಅದಿಲ್ದೆ ನಾನು ಇದನ್ನ ಯಾಕೆ ಕೊಂಡ್ಕೊಳ್ಳಲಿ?"

"ಬಿಡಬಹುದು. ಆಗ ಮೂರನೇ ಸಲ ಅನುತ್ತೀರ್ಣ," ಎಂದು ಬಾಯ್ಕೆ ನನ್ನ ಕಡೆ ನೋಡಿದರು. ನಾನು ಸುತ್ತಿಗೆಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡೆ. ಹಾಗೆ ಮಾಡಬೇಕೆಂದು ನಿಯಮವೇನೂ ಇರಲಿಲ್ಲ, ರೂಢಿ ಅಷ್ಟೆ.

ಮುದುಕ ಮುಚ್ಚಳ ಕೊಟ್ಟ. ಅದನ್ನಾದರೂ ಜೇಬಿಗೆ ಹಾಕಿಕೊಳ್ಳಲೇ ಎಂದು ಕೇಳಿದ. ಅಸಲಿಯಲ್ಲದ ಬಿಡಿಭಾಗ ಕಚೇರಿಯಿಂದ ಹೊರಗೆ ಹೋದರೆ ಸಂತೆಯಲ್ಲಿ ನಕಲಿ ಹಾವಳಿ ಹೆಚ್ಚುತ್ತದೆಂದು ವಿವರಿಸಿ ಹೇಳಿದೆವು. ಕೆಳಗಿನ ಮಳಿಗೆಯಿಂದ ಬಂದ ಹೊಸ ಮುಚ್ಚಳ ಅದರ ಜಾಗದಲ್ಲಿ ಕೂತಿತು. ನನಗೆ ನಾಚಿಕೆಯಾಯಿತು. ನಮೂನೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲವಾದ್ದರಿಂದ ಪ್ರಮಾಣಪತ್ರಕ್ಕೆ ಸಹಿ ಮಾಡಿದೆ. ಹಳೆಯ ಮುಚ್ಚಳ ಈಗ ಬಾಯ್ಕೆಯವರ ಚಹಾ ಬಟ್ಟಲಿನ ಕೆಳಗಿದೆ, ಮೇಜಿಗೆ ಕಲೆಯಾಗದಂತೆ.

ಶನಿವಾರದ ಔತಣಕ್ಕೆ ಕಚೇರಿಯವರಿಗೆಲ್ಲ ಆಹ್ವಾನವಿತ್ತು. ಪ್ರಮಾಣಪತ್ರ ಪಡೆದವರು ಕರೆಯುವುದು ವಾಡಿಕೆ. ನಾವು ಕುಳಿತು, ಕರಿದ ಹಿಟ್ಟಿನ ತುಂಡು ಬೋರ್ಸೋಕ್ ತಣ್ಣಗಾಗಿ, ಕುರಿ ಬೆಂದು ಮೆತ್ತಗಾದರೂ ಜುಮಾಶನ ಸುಳಿವಿಲ್ಲ. ಪಕ್ಕದ ಬೀದಿಯ ತಮ್ಮನನ್ನು ಕರೆತರಲು ಹೋದವನು ಸರಿಯಾಗಿ ನಲವತ್ತು ನಿಮಿಷ ತಡವಾಗಿ ಬಂದ. ಬಾಗಿಲಲ್ಲಿ ಸೌಟು ಹಿಡಿದು ಜಿಪಾರ್ ನಿಂತಿದ್ದಳು. ಕುಳ್ಳಗಿನ ಹೆಂಗಸು, ಎಡಗೆನ್ನೆಯ ಮೇಲೆ ದೊಡ್ಡ ಮಚ್ಚೆ.

"ಐವತ್ತು ವರ್ಷದ ಊಟಕ್ಕೂ ತಡವಾಗೇ ಬಂದ್ರಿ," ಎಂದಳು.

ಅವನು ಗಡಿಯಾರ ಬಿಚ್ಚಿ ಅವಳ ಕೈಗಿಟ್ಟ. ಹಿಟ್ಟಿನ ಮೂಟೆ, ಸುಳ್ಳು, ಸಂತೆ ಎಲ್ಲವನ್ನೂ ಎಲ್ಲರೆದುರೇ ಹೇಳಿದ. ಅವಳು ಅಡುಗೆಮನೆಯ ಚಾಕುವಿನಿಂದ ಹಿಂಮುಚ್ಚಳ ಎಬ್ಬಿಸಿ ಒಳಗೆ ನೋಡಿದಳು. ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಎರಡು ಸಲ ಉಜ್ಜಿ ನೋಡಿದಳು.

ಜುಮಾಶ್ ಪ್ರಮಾಣಪತ್ರ ಮುಂದೆ ಹಿಡಿದ. ಅವಳು ಕನ್ನಡಕ ಹಾಕಿಕೊಂಡು ಮುದ್ರೆಯವರೆಗೂ ಓದಿದಳು. ನನ್ನ ಸಹಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತಳು.

"ಇದೇ ಅಸಲಿ ಅಂತ ಬರ್ದಿದ್ದಾರೆ. ಹಾಗಾದ್ರೆ ನಾನು ಕೊಟ್ಟಿದ್ದು ನಕಲಿ," ಎಂದಳು. "ಆ ನಕಲಿಗೋಸ್ಕರ ಮೂರು ದಿನ ಸೀಟಿನ ಕೆಳಗೆ ತೆವಳಿದ್ನಲ್ಲ."

ಜುಮಾಶ್ ತನ್ನ ಬರಿಗೈ ಮಣಿಕಟ್ಟನ್ನು ನೋಡಿಕೊಂಡ. "ಹಾಗೇ ಇರ್ಬೇಕು," ಎಂದ.

ಯಾರೋ ಎದ್ದು ಗೋಡೆ ಗಡಿಯಾರವನ್ನು ನಲವತ್ತು ನಿಮಿಷ ಹಿಂದಕ್ಕೆ ತಿರುಗಿಸಿದರು. ಅಲ್ಲಿಗೆ ತಡವಾಗಿದ್ದೂ ಸರಿಹೋಯಿತು. ಎಸೆನ್‌ಗುಲ್ ಬಾಯ್ಕೆ ಗದ್ಗದಿತರಾಗಿ ಲೋಟ ಎತ್ತಿದರು. "ಈ ಗಂಡ ಹೆಂಡತಿಗಿಂತ ಅಸಲಿ ಜೋಡಿ ಭೂಮಿ ಮೇಲಿಲ್ಲ." ಎಲ್ಲರೂ ಎದ್ದು ನಿಂತು ಕುಡಿದರು. ಜಿಪಾರ್ ಕೂಡ ನಿಂತಳು. ನನ್ನ ಜೇಬಿನಲ್ಲಿ ಪೆನ್ನಿತ್ತು, ಬರೆದುಕೊಂಡೆ.

ಸೋಮವಾರ ಬೆಳಿಗ್ಗೆ ಕಚೇರಿಯ ಮುಂದೆ ದಂಪತಿಗಳ ಸಾಲು ನಿಂತಿತ್ತು. ಮೂರನೆಯವರು ನಾನು ಮತ್ತು ನನ್ನ ಹೆಂಡತಿ. ಅವಳ ಎಡಗೆನ್ನೆಯ ಮೇಲೆ ಮಚ್ಚೆ ಇಲ್ಲದಿರುವುದರಿಂದ ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದೇವೆ. ಕೆಳಗಿನ ಮಳಿಗೆಯಲ್ಲಿ ಗುರುವಾರ ಸಿಗುತ್ತದೆಂದು ಮಿರ್ಲಾನ್ ಹೇಳಿದ್ದಾನೆ.