ಶಿಶುವಿಹಾರದ ಪಾಯಖಾನೆ ಬೀಗದ ಸನ್ನಿಧಿಗೆ

ಮಾನ್ಯ ಬೀಗ ಮಹಾಶಯರೇ,

ಆನೆಕೊಂಡದ ಬೀಗ ರಿಪೇರಿ ಜಮಾಲುದ್ದೀನ್ ಮಾಡುವ ಸಲಾಮುಗಳು. ಹೋದ ಜೂನ್ ತಿಂಗಳಲ್ಲಿ ನಿಜಲಿಂಗಪ್ಪ ಬಡಾವಣೆಯ ಶಿಶುವಿಹಾರದಲ್ಲಿ, ಮಕ್ಕಳ ಪಾಯಖಾನೆಯ ಬಾಗಿಲಿಗೆ ತಮ್ಮನ್ನು ಪ್ರತಿಷ್ಠಾಪಿಸಿದವನು ನಾನೇ. ಆನೆ ಬಂದು ಜಗ್ಗಿದರೂ ಬಿಡುವ ಬೀಗವಲ್ಲ ಇದು ಎಂದು ಶಿಶುವಿಹಾರ ನಡೆಸುವ ಉಚ್ಚೆಂಗೆಮ್ಮ ಮೇಡಂ ಅವರ ಮುಂದೆ ಎದೆ ತಟ್ಟಿಕೊಂಡಿದ್ದೆ. ತಾವು ನನ್ನ ಮಾತು ಉಳಿಸಿದಿರಿ. ಪಾಲಕರ ಸಭೆಯ ದಿನ ಬಿಟ್ಟರೆ ಬಾಯಿ ಬಿಡದ ತಮ್ಮ ದಯೆಯಿಂದ ಒಳಗಿನ ಬಿಳಿ ಟೈಲ್ಸು ಇಂದಿಗೂ ಫಳಫಳ ಹೊಳೆಯುತ್ತಿವೆಯಂತೆ.

ತಮ್ಮ ನಿಷ್ಠೆಯ ಫಲವನ್ನು ಉಣ್ಣುತ್ತಿರುವವಳು ನನ್ನ ನಾಲ್ಕು ವರ್ಷದ ಮೊಮ್ಮಗಳು ಮಹೀನ್. ಶಾಲೆಯಲ್ಲಿ ಕಾಲು ಬಿಗಿದು ತಡೆದುಕೊಂಡು, ತಡೆದದ್ದು ಕಲ್ಲಾಗಿ, ಆ ಕಲ್ಲು ಹೊರಬರುವಾಗ ಚರ್ಮ ಹರಿದು, ಒಂದು ದಿನ ಚಡ್ಡಿಯಲ್ಲಿ ಕೆಂಪು ಗೆರೆ ಕಂಡಿತು. ನಮ್ಮ ಮನೆಯಾಕೆ ಖತೀಜಾಬೀ ಉಷ್ಣವೆಂದಳು, ದೃಷ್ಟಿಯೆಂದಳು, ಕೊನೆಗೆ ಮಲಬದ್ಧತೆಗೆ ಹಿರಿಯರು ಮಾಡುತ್ತಿದ್ದಂತೆ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ತಂದು ಹಾಕಿದಳು. ಮಗುವಿನ ಕಾಲು ಹಿಡಿದುಕೊಂಡವನು ನಾನು. ಅವಳ ಕೂಗಿಗೆ ಇಡೀ ಓಣಿ ಬಾಗಿಲಿಗೆ ಬಂತು. ಅಂದಿನಿಂದ ಪಾಯಖಾನೆಯ ಹೆಸರೆತ್ತಿದರೆ ಮಂಚದಡಿ ಸೇರುತ್ತಾಳೆ.

ಗುರುತಿನವರ ಕಣ್ಣಿಗೆ ಬಿದ್ದೇವೆಂಬ ನಾಚಿಕೆಗೆ ಹರಿಹರದ ಬಸ್ಸು ಹತ್ತಿ, ಮಕ್ಕಳ ಡಾಕ್ಟರು ವಿಜಯಕುಮಾರ್ ಅವರಲ್ಲಿಗೆ ಹೋದೆವು. ಅವರು ತೊಟ್ಟು ಹಾಕಲಿಲ್ಲ, ಬೆರಳೂ ಹಾಕಲಿಲ್ಲ. ಅಜ್ಜಿಯ ಪಕ್ಕ ಮಗ್ಗುಲಾಗಿ ಮಲಗಿಸಿ, ಮೊಣಕಾಲು ಮಡಿಸಿ, ಮೆಲ್ಲಗೆ ಬಿಡಿಸಿ ನೋಡಿ, ಸಣ್ಣ ಸೀಳು, ವಾಸಿಯಾಗುತ್ತದೆ ಎಂದರು. ಎಷ್ಟು ದಿನಕ್ಕೊಮ್ಮೆ ಹೋಗುತ್ತಾಳೆ, ಏನು ತಿನ್ನುತ್ತಾಳೆ ಎಂದು ಕೇಳಿದಾಗ ನಾವು ಹಾಲು, ಬನ್ನು ಎಂದು ತಲೆ ತಗ್ಗಿಸಿದೆವು. ಶಾಲೆಯಲ್ಲಿ ಎಲ್ಲಿಗೆ ಹೋಗುತ್ತೀಯಮ್ಮ ಎಂದದ್ದಕ್ಕೆ ಮಹೀನ್, ಅಲ್ಲಿ ಬೀಗ ಐತ್ರಿ, ನಮ್ ದಾದಾನೇ ಹಾಕಿದ್ದು ಎಂದು ಹೆಮ್ಮೆಯಿಂದ ಹೇಳಿದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆದಕಾರಣ ತಮ್ಮಲ್ಲಿ ವಿನಂತಿ ಏನೆಂದರೆ, ದಯಮಾಡಿ ತುಕ್ಕು ಹಿಡಿಯಿರಿ. ಅದು ತಮ್ಮ ಘನತೆಗೆ ಕುಂದೆನಿಸಿದಲ್ಲಿ, ಚಡ್ಡಿ ಹಿಡಿದುಕೊಂಡು ಓಡಿಬರುವ ಪುಟ್ಟ ಕಾಲುಗಳ ಸದ್ದು ಕೇಳಿದಾಗಲಾದರೂ ತಾವಾಗಿ ಬಿಚ್ಚಿಕೊಳ್ಳಿ. ಮಲ ಮೆತ್ತಗಾಗಲೆಂದು ಡಾಕ್ಟರು ಒಂದು ಸಿರಪ್ಪು ಕೊಟ್ಟಿದ್ದಾರೆ. ತಮಗೂ ಎರಡು ಚಮಚ ಕುಡಿಸಬಹುದೇ ಎಂದು ಕೇಳಲು ಮರೆತೆ.

ತಮ್ಮನ್ನು ಹಾಕಿದ ತಪ್ಪಿಗೆ ತಲೆಬಾಗಿರುವ,
ತಮ್ಮ ವಿಶ್ವಾಸಿ,
ಜಮಾಲುದ್ದೀನ್

ವಿ.ಸೂ.: ಬೀಗ ಬಿಗಿಯಾಗಿದೆ, ಬಂದು ಎಣ್ಣೆ ಬಿಡಿ ಎಂದು ಮೇಡಂ ಸೋಮವಾರಕ್ಕೆ ಕರೆದಿದ್ದಾರೆ. ತಪ್ಪದೆ ಬರುತ್ತೇನೆ. ತಮ್ಮನ್ನು ಅಲ್ಲಿಂದ ಬಿಚ್ಚಿ, ಪಕ್ಕದಲ್ಲೇ ಇರುವ ಮೇಡಂ ಅವರ ಪಾಯಖಾನೆಗೆ ಹಾಕುತ್ತೇನೆ. ಬೀಗದ ಕೈ ಮಹೀನ್ ಹತ್ತಿರ ಇರುತ್ತದೆ.