ಸಾಂಬಾರಿನಲ್ಲಿ ಬಾಲ

ಮನುಷ್ಯನಿಗೆ ವಯಸ್ಸಾಗುವುದು ಬೇರೆಯವರ ಬಾಯಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅವರವರ ಪಾಡಿಗೆ ಬಿಟ್ಟರೆ ಯಾರಿಗೂ ವಯಸ್ಸಾಗುವುದಿಲ್ಲ. ಅಹಮದಾಬಾದಿನ ವಸ್ತ್ರಾಪುರ ಕೆರೆಯ ಹತ್ತಿರ ಹೋಟೆಲಿಟ್ಟ ದಿನದಿಂದ ನಾನು ಗಿರಾಕಿಗಳಿಗೆಲ್ಲ 'ರಾವ್‌ಭಾಯ್' ಆಗಿದ್ದೆ. ಮುಖಕ್ಕೆ ನೀರು ಹಾಕಿಕೊಂಡು ಗಲ್ಲಾದ ಮೇಲೆ ಕುಳಿತರೆ ನಾನೇ ಎಲ್ಲರಿಗೂ ಸಮವಯಸ್ಕ. ಹೀಗಿರುವಾಗ ಮ್ಯಾನೇಜ್‌ಮೆಂಟ್ ಓದುವ ಹುಡುಗಿಯೊಬ್ಬಳು ಬಂದು, "ಕಾಕಾ, ಏಕ್ ಮಸಾಲಾ ಢೋಸಾ" ಎಂದಳು. ಕಾಕಾ ಎಂದರೆ ಇಲ್ಲಿ ಚಿಕ್ಕಪ್ಪ. ಗೌರವದ ಮಾತೇ ಹೌದು, ಆದರೆ ಆ ಗೌರವ ನನಗೆ ಬೇಕಿರಲಿಲ್ಲ. ಅಂದು ಸಂಜೆಯೇ ತಲೆಗೆ ಹಚ್ಚುವ ಬಣ್ಣದ ಪೊಟ್ಟಣ ಮನೆಗೆ ಬಂತು. ಕಾಕಾ ಅನ್ನಿಸಿಕೊಳ್ಳಬಾರದೆಂದು ಕಾಗೆಯ ಬಣ್ಣ ಬಳಿದುಕೊಂಡವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ಮೊದಮೊದಲು ಎರಡು ತಿಂಗಳಿಗೊಮ್ಮೆ ಹಚ್ಚುತ್ತಿದ್ದೆ. ಆದರೆ ಬಣ್ಣ ಹಚ್ಚುವವನ ಕಣ್ಣು ಬಣ್ಣವನ್ನು ನೋಡುವುದಿಲ್ಲ, ಬುಡದಲ್ಲಿ ಇಣುಕುವ ಬಿಳಿಯನ್ನು ಮಾತ್ರ ನೋಡುತ್ತದೆ. ಹಾಗಾಗಿ ಅದು ತಿಂಗಳಿಗೊಮ್ಮೆ ಆಯಿತು, ಕೊನೆಗೆ ಪ್ರತಿ ಭಾನುವಾರ ಆಯಿತು. ಪೊಟ್ಟಣದ ಮೇಲೆ ಅರ್ಧ ಗಂಟೆ ಎಂದು ಬರೆದಿದ್ದರೆ ನಾನು ಎರಡು ಗಂಟೆ ಬಿಡುತ್ತಿದ್ದೆ. ಉದ್ದಿನಬೇಳೆ ಹೆಚ್ಚು ಹೊತ್ತು ನೆನೆದಷ್ಟೂ ಒಳ್ಳೆಯದು ಎಂದು ತಿಳಿದು ಬೆಳೆದ ಹೋಟೆಲಿನವನಿಗೆ ಕೂದಲಿಗೆ ಬೇರೆ ನ್ಯಾಯ ಇರಬಹುದೆಂದು ಹೊಳೆಯಲಿಲ್ಲ. ತಲೆ ಕೆರೆತ ಶುರುವಾಯಿತು. ಕೂದಲು ತೆಂಗಿನ ನಾರಿನಂತಾಯಿತು. ಬಾಚಣಿಗೆ ಇಟ್ಟರೆ ಬುಡದ ಹತ್ತಿರವೇ ತುಂಡಾಗುತ್ತಿತ್ತು. ಎಷ್ಟು ಹಚ್ಚಿದರೂ ಬುಡ ಬಿಳಿ, ನಡು ತುಕ್ಕಿನ ಕಂದು, ತುದಿ ಮಸಿಗಪ್ಪು. ಇದನ್ನು ನಾನು ಸಹಜ ಸೌಂದರ್ಯವೆಂದೇ ನಂಬಿದ್ದೆ.

ಹೆಂಡತಿ ಶೈಲಾ ನಂಬಲಿಲ್ಲ. "ನಿಮ್ಮ ತಲೆ ಮೇಲೆ ಎಂತದೋ ಗೂಡು ಕಟ್ಟಿದ ಹಾಗೆ ಉಂಟು" ಎಂದು ಚರ್ಮದ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಡಾಕ್ಟರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು. ಕೂದಲಿನ ಮೇಲೆ ತೆಳುವಾದ ಹೊರಪದರ ಇರುತ್ತದಂತೆ. ಬಣ್ಣ ಒಳಗೆ ಇಳಿಯಬೇಕಾದರೆ ರಾಸಾಯನಿಕ ಆ ಪದರವನ್ನು ಎತ್ತಬೇಕಂತೆ. ಅದು ಸರಿಯಾಗಿ ಮುಚ್ಚುವ ಮೊದಲೇ ಮತ್ತೆ ಮತ್ತೆ ಎತ್ತುತ್ತಿದ್ದರೆ ಒಳಗಿನ ತೇವ ಹೋಗಿ, ಸತ್ವ ಹೋಗಿ, ಕೂದಲು ಮುರಿಯುತ್ತದಂತೆ. ದಿನವೂ ಶಟರ್ ಎತ್ತಿ ಇಳಿಸುವ ನನಗೆ ಇದು ಚೆನ್ನಾಗಿಯೇ ಅರ್ಥವಾಯಿತು. "ಕೆಲವು ತಿಂಗಳು ಬಣ್ಣ ನಿಲ್ಲಿಸಿ, ಹಾಳಾದದ್ದನ್ನೆಲ್ಲ ಕತ್ತರಿಸಿಬಿಡಿ" ಎಂದರು. ಹೂಂ ಎಂದು ಬಂದೆ. ಹೋಟೆಲಿನವನಿಗೆ ಮುಖವೇ ಬೋರ್ಡು, ಬೋರ್ಡಿಗೆ ಬಣ್ಣ ಹಚ್ಚದೆ ಬಿಡುವುದುಂಟೇ ಎಂದು ಆ ಭಾನುವಾರ ಇನ್ನೂ ದಪ್ಪಗೆ ಹಚ್ಚಿದೆ.

ಮರುದಿನ ಬೆಳಗಿನ ತಿಂಡಿಯ ಗಲಾಟೆಯಲ್ಲಿ ಸಪ್ಲಾಯರ್ ಶೀನ ಬೆವರುತ್ತ ಅಡುಗೆಮನೆಗೆ ಓಡಿಬಂದ. ನಲವತ್ತು ದಾಟಿದ ಆಸಾಮಿ, ಕುಂದಾಪುರದಿಂದ ಬಂದು ವಾರ ಆಗಿತ್ತಷ್ಟೆ, ಹಿಂದಿ ಇನ್ನೂ ಹತ್ತಿರಲಿಲ್ಲ.

"ರಾಯರೆ, ಪಕ್ಕದ ಬಟ್ಟೆ ಅಂಗಡಿಯವರು ಕೂಗ್ತಿದ್ದಾರೆ. ಸಾಂಬಾರಿನಲ್ಲಿ ಬಾಲ ಉಂಟಂತೆ!"

ಬಾಲ ಎಂದರೆ ಹಲ್ಲಿಯದೇ. ಬಾಲ ಅಲ್ಲಿದ್ದರೆ ಉಳಿದದ್ದು ಎಲ್ಲಿ? ಅಡುಗೆಯ ವಾಸುದೇವ ಭಟ್ಟರು "ಅಯ್ಯೋ ದೇವರೇ" ಎಂದು ಸಾಂಬಾರಿನ ಕೊಪ್ಪರಿಗೆಯನ್ನೇ ಮೋರಿಗೆ ಬಗ್ಗಿಸಿದರು. ನಾನು ತಟ್ಟೆ ಹಿಡಿದು ಹೊರಗೆ ಓಡಿದೆ. ಅಂಗಡಿಯ ಜಯಂತಿಭಾಯ್ ಬೆರಳ ತುದಿಯಲ್ಲಿ ಎತ್ತಿ ತೋರಿಸಿದ್ದು ಒಂದು ಕೂದಲು. ಹಿಂದಿಯ ಬಾಲ್ ನಮ್ಮ ಶೀನನ ಕಿವಿಯಲ್ಲಿ ಬಾಲವಾಗಿತ್ತು. ಹಲ್ಲಿಯಲ್ಲವೆಂದು ಜೀವ ಬಂದದ್ದೇ ನನಗೆ ರೋಷವೂ ಬಂತು. ಕೂದಲನ್ನು ತಟ್ಟೆಯಲ್ಲಿಟ್ಟುಕೊಂಡು ಅಡುಗೆಮನೆಗೆ ನುಗ್ಗಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. "ಇದು ಯಾರ ತಲೆಯದ್ದೋ ಆ ತಲೆಯನ್ನು ಇವತ್ತೇ ಬೋಳಿಸ್ತೇನೆ, ಯಾರೇ ಆಗಿರಲಿ!" ಎಂದು ಗರ್ಜಿಸಿದೆ. ಗರ್ಜನೆ ಚೆನ್ನಾಗಿಯೇ ಬಂತು, ರಸ್ತೆಯವರೆಗೆ ಕೇಳಿಸಿತಂತೆ.

ಭಟ್ಟರು ಹೆಗಲ ಮೇಲಿನ ಬೈರಾಸು ತೆಗೆದು ಕಟ್ಟೆಯ ಮೇಲಿಟ್ಟರು. "ನನ್ನ ತಲೆ ಬೋಳಿಸ್ಲಿಕ್ಕೆ ನೀವು ಬೇಕಾ ರಾಯರೆ? ದೇವರೇ ಬೋಳಿಸಿ ಎಷ್ಟೋ ಕಾಲ ಆಯ್ತು. ಹೋಟೆಲ್ ಸುರುವಾದಂದಿನಿಂದ ಇದ್ದವನನ್ನು ಕಳ್ಳನ ಹಾಗೆ ಸಾಲಿನಲ್ಲಿ ನಿಲ್ಲಿಸಿದಿರಿ. ಸಾಕು ಮಾರಾಯ್ರೆ, ನಾನು ಊರಿಗೆ ಹೊರಟೆ."

ಭಟ್ಟರು ಹೋದರೆ ನನ್ನ ಹೋಟೆಲಿನಲ್ಲಿ ಉಳಿಯುವುದು ಮೇಜು ಕುರ್ಚಿ ಮಾತ್ರ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅಷ್ಟರಲ್ಲಿ ಜಯಂತಿಭಾಯ್ ಹಿಂದಿನಿಂದ ಬಂದು ನಿಂತಿದ್ದರು. ಕೂದಲನ್ನು ನೂಲಿನ ಎಳೆಯಂತೆ ಬೆಳಕಿಗೆ ಹಿಡಿದು, "ರಾವ್‌ಭಾಯ್, ಇಸ್ ಮೇ ತೀನ್ ಕಲರ್ ಹೈ" ಎಂದರು. ಬಿಳಿ, ಕಂದು, ಕಪ್ಪು. ಆಮೇಲೆ ಅವರ ಕಣ್ಣು ನಿಧಾನವಾಗಿ ನನ್ನ ತಲೆಗೆ ಬಂತು. ಸಾಲಿನಲ್ಲಿದ್ದವರ ಕಣ್ಣೂ ಬಂತು. ದಿನಾ ಬೆಳಿಗ್ಗೆ ಕೊಪ್ಪರಿಗೆಯ ಮೇಲೆ ಬಗ್ಗಿ ಸಾಂಬಾರಿನ ಪರಿಮಳ ನೋಡುವ ಹಕ್ಕು ಆ ಹೋಟೆಲಿನಲ್ಲಿ ಒಬ್ಬನಿಗೆ ಮಾತ್ರ ಇತ್ತು.

ಭಟ್ಟರು ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. "ಮಾತು ನಿಮ್ಮದು, ತಲೆಯೂ ನಿಮ್ಮದು. ಎಂತ ಮಾಡ್ತೀರಿ ನೋಡಿ" ಎಂದಷ್ಟೇ ಹೇಳಿ ಚೀಲಕ್ಕೆ ಬಟ್ಟೆ ತುಂಬತೊಡಗಿದರು. ನಾನು ನೇರವಾಗಿ ಎದುರಿನ ಕ್ಷೌರದಂಗಡಿಗೆ ಹೋಗಿ ಕುಳಿತೆ. ನುಣ್ಣಗೆ ಬೋಳಿಸಿಕೊಂಡು ಅಡುಗೆಮನೆಗೆ ಬಂದು ಭಟ್ಟರ ಪಕ್ಕ ನಿಂತೆ. ಟ್ಯೂಬ್‌ಲೈಟಿನ ಕೆಳಗೆ ಎರಡೂ ತಲೆ ಒಂದೇ ಸಮ ಹೊಳೆದವು. ಅವರು ಒಂದು ಸಲ ನನ್ನನ್ನು ನೋಡಿ, ಬೈರಾಸು ಹೆಗಲಿಗೆ ಹಾಕಿಕೊಂಡು, "ಬೇಳೆ ಇಡ್ಲಿಕ್ಕೆ ಹೇಳಿ" ಎಂದರು. ಅಷ್ಟು ಒಳ್ಳೆಯ ಮಾತನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

"ಕೇಳಿದವರಿಗೆ ತಿರುಪತಿ ಹರಕೆ ಅಂತ ಹೇಳಿ" ಎಂದು ಶೈಲಾ ಬುದ್ಧಿ ಹೇಳಿಕೊಟ್ಟಿದ್ದಳು. ದೇವರ ಹೆಸರಿನಲ್ಲಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಸಂಜೆ ಚಹಾಕ್ಕೆ ಬಂದ ಹಳೆಯ ಗಿರಾಕಿ ರಮಣಿಕ್‌ಭಾಯ್, ನನಗಿಂತ ಹತ್ತು ವರ್ಷ ದೊಡ್ಡವರು, ಗಲ್ಲಾದ ಮುಂದೆ ಕೈಮುಗಿದು ನಿಂತರು. ಮನೆಯಲ್ಲಿ ಯಾರು ಹೋದರು ಎಂದು ಮೆಲ್ಲಗೆ ಕೇಳಿದರು.

"ನಮ್ಮವನೇ ಒಬ್ಬ ಯುವಕ" ಎಂದೆ.

"ಅರೇ ರಾಮ್. ತುಂಬ ಹಚ್ಚಿಕೊಂಡಿದ್ದಿರಾ?"

"ಪ್ರತಿ ಭಾನುವಾರ" ಎಂದೆ. "ತಲೆಯ ಮೇಲೆ ಕೂರಿಸಿಕೊಂಡಿದ್ದೆ."

ಅವರು ನಿಟ್ಟುಸಿರು ಬಿಟ್ಟು ನನ್ನ ಕೈ ಹಿಡಿದುಕೊಂಡರು. "ಧೈರ್ಯ ತಂದುಕೊಳ್ಳಿ ಭಾಯ್. ನಮ್ಮಂಥ ಮುದುಕರು ಈ ವಯಸ್ಸಿನಲ್ಲಿ ಇದನ್ನೆಲ್ಲ ನೋಡಲೇಬೇಕಾಗುತ್ತದೆ."