ಗೋಡೆ ಬಿಟ್ಟು ಇಳಿಯದ ಬಿಲ್ಲುಗಳು

ಹಳೆಯ ಬಿಲ್ಲುಗಳ ಹುಚ್ಚು ಹತ್ತಿದಾಗಿನಿಂದ ನಗೆಪಾಟಲು ನನ್ನನ್ನು ಹುಡುಕಿಕೊಂಡೇ ಬರುತ್ತದೆ. ಬರಲಿ, ನಾನೇನು ಬಾಗಿಲು ಹಾಕಿಕೊಳ್ಳುವವನಲ್ಲ. ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ರಿಕರ್ವ್ ಬಿಲ್ಲು, ಅಂದರೆ ತುದಿ ಹೊರಕ್ಕೆ ಬಾಗಿದ ಬಿಲ್ಲು, ಕೂಡಿಹಾಕುವವನು ನಾನೊಬ್ಬನೇ. ಒಂದೇ ಮಾದರಿಯ ಎರಡು ಬಿಲ್ಲು ಕೊಡಿ. ಹಿಡಿಕೆಯ ಕಟ್ಟಿಗೆ, ತುದಿಯ ಪದರು, ಬಾಣ ಇಡುವ ಕಚ್ಚು ನೋಡಿ ಯಾವುದು ಮೊದಲಿನದು, ಯಾವುದು ಆಮೇಲಿನದು ಹೇಳುತ್ತೇನೆ.

“ಹೇಳಿ ಏನ್ ಮಾಡ್ತೀರಿ?” ಎನ್ನುತ್ತಾಳೆ ಹೆಂಡತಿ. ನಾನು ಇನ್ನೊಂದು ಬಿಲ್ಲು ತಂದು ಗೋಡೆಗೆ ತೂಗುಹಾಕುತ್ತೇನೆ.

೧. ಮುಂಡರಗಿಯ ಅಜ್ಜನ ಬಿಲ್ಲು

ಮುಂಡರಗಿಯಿಂದ ಒಬ್ಬರು ಫೋನ್ ಮಾಡಿದರು. “ನಮ್ಮ ಅಜ್ಜನ ಬಿಲ್ಲು ಐತ್ರಿ. ಜಲ್ದಿ ಬರ್ರಿ.” ಬಸ್ಸು ಡಂಬಳ ದಾಟುವವರೆಗೂ ನನಗೆ ಸಮಾಧಾನವಿಲ್ಲ. ಹೋಗಿ ನೋಡಿದರೆ ತೊಲೆಗೆ ತೂಗುಹಾಕಿದ್ದು ಹತ್ತಿ ಹಿಂಜುವ ಬಿಲ್ಲು.

“ಇದರಿಂದ ಬಾಣ ಬಿಡಾಕ ಬರೂದಿಲ್ರಿ” ಎಂದೆ.

“ನಿಮ್ಮ ಬಿಲ್ಲಿನಿಂದ ಎಷ್ಟ್ ಬಿಟ್ಟೀರಿ?”

ಒಂದನ್ನೂ ಬಿಟ್ಟಿರಲಿಲ್ಲ.

“ನಮ್ಮ ಅಜ್ಜ ಹಿಂಜಿದ ಹತ್ತಿ ಮ್ಯಾಲೆ ಅರ್ಧ ಊರು ಮಲಗೇತಿ ನೋಡ್ರಿ” ಎಂದರು.

೨. ಲಕ್ಷ್ಮೇಶ್ವರದ ಅಪರೂಪ

ದಾರ ಬಿಚ್ಚಿಟ್ಟ ರಿಕರ್ವ್ ಬಿಲ್ಲು ಒಂದು ಕಡೆ ಬಾಗಿರುತ್ತದೆ. ಅದನ್ನು ಎದುರು ದಿಕ್ಕಿಗೆ ಮಣಿಸಿ ದಾರ ಕಟ್ಟಬೇಕು. ನನ್ನಿಂದಲೇ ಈ ಹುಚ್ಚು ಅಂಟಿಸಿಕೊಂಡ ಲಕ್ಷ್ಮೇಶ್ವರದ ಗೆಳೆಯ ಬಾಗಿದ ಕಡೆಗೇ ಮಣಿಸಿ ಕಟ್ಟಿ ಫೋಟೋ ಕಳಿಸಿದ. “ಬ್ಯಾರೆ ಡಿಸೈನ್! ಯಾರ ಹತ್ರನೂ ಇಲ್ಲ!”

ಕೂಡಲೇ ಫೋನ್ ಮಾಡಿದೆ. “ಲೇ, ಉಲ್ಟಾ ಕಟ್ಟೀದಿ. ಬಿಚ್ಚು, ಮುರೀತೈತಿ.”

“ನಿನಗ ಹೊಟ್ಟಿಕಿಚ್ಚು” ಎಂದು ಫೋನಿಟ್ಟ.

ಸಂಜೆ ಮತ್ತೊಂದು ಫೋಟೋ ಬಂತು. ಬಿಲ್ಲು ಎರಡು ತುಂಡು. ಕೆಳಗೆ ಬರೆದಿದ್ದ: “ಈಗಂತೂ ಖರೇನ ಯಾರ ಹತ್ರನೂ ಇಲ್ಲ.”

೩. ಕೆಂಪು ಅಂಚು

ಇಷ್ಟಾದ ಮೇಲೆ ಹೆಂಡತಿ ಪಟ್ಟು ಹಿಡಿದಳು. “ಶಿರಹಟ್ಟಿಯಿಂದ ಬಿಲ್ಲು ಕೂಡಿಸೋ ಹಿರ್ಯಾರು ಬರ್ತಾರಲ್ಲ, ಅವರು ಒಂದಾದ್ರೂ ವಿಶೇಷ ಐತಿ ಅನ್ನಲಿ. ಇಲ್ಲಂದ್ರ ಎಲ್ಲಾ ಅಟ್ಟ ಏರ್ತಾವು.”

“ಏರೂದಿಲ್ಲ” ಎಂದೆ. ನಮ್ಮ ಅಟ್ಟದ ತುಂಬ ಗೆದ್ದಲು.

ಹಿರಿಯರು ಬಂದು ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದರು. “ಇದು ಸಾದಾ. ಇದೂ ಸಾದಾ.” ಹೆಂಡತಿ ಗೋಣಿಚೀಲ ಬಿಡಿಸಿದಳು. ಕೊನೆಯ ಬಿಲ್ಲಿನ ಹತ್ತಿರ ಅವರು ನಿಂತೇಬಿಟ್ಟರು. “ಆಹಾ, ಈ ಕೆಂಪು ಅಂಚು! ಇಂಥಾ ಮಾದರಿ ನಾ ಎಲ್ಲೂ ನೋಡಿಲ್ರಿ!”

ಆ ಕೆಂಪು ನನಗೂ ಹೊಸದು. ಆದರೂ ಎದೆಯುಬ್ಬಿಸಿ ಹೆಂಡತಿಯನ್ನು ನೋಡಿದೆ.

ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದಳು, ಕೈತುಂಬ ಆಗಷ್ಟೇ ಬಣ್ಣ ಅದ್ದಿದ ನೂಲಿನ ಲಡಿ. “ಅದು ಸೀರಿ ಸೆರಗಿನ ಬಣ್ಣರಿ. ಇಂವ ಕೆಲಸಕ್ಕ ಹೋದ ಮ್ಯಾಲೆ ಕೆಂಪು ಲಡಿ ಅದರ ಮ್ಯಾಲೆ ಒಣಗಾಕ ಹಾಕ್ತೀನಿ, ಬಿಳೇವು ಉಳಿದವುಗಳ ಮ್ಯಾಲೆ. ನಿಮ್ಮ ಬಿಲ್ಲೂ ತರ್ರಿ, ಹಸರು ಬಣ್ಣನೂ ಐತಿ.”

ಹೆಂಡತಿ ಚೀಲ ಹಿಡಿದು ಗೋಡೆಯ ಕಡೆ ನಡೆದಳು. ಅವ್ವ ಅಡ್ಡ ನಿಂತಳು.

“ಬಿಡವಾ ಆ ಚೀಲ! ಬಿಲ್ಲು ತಗದ್ರ ಲಡಿ ನಿನ್ನ ಹೆಗಲ ಮ್ಯಾಲೆ ಹಾಕ್ಲೇನು?”

ಬಿಲ್ಲುಗಳು ಗೋಡೆಯ ಮೇಲೇ ಇವೆ. ಅಟ್ಟ ಏರಿದ್ದು ಗೋಣಿಚೀಲ.